ಅಜ್ಜನ ಮಳೆ ಪುಸ್ತಕದ ಚುಕ್ಕಿ, ಮಗಳ ಸಂಗೀತದ ಚುಕ್ಕಿ

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅಜ್ಜ 1960ರ ದಶಕದಿಂದ ಬರೆದಿಟ್ಟ ಮಳೆ ಪುಸ್ತಕಗಳನ್ನು ಈಗ ಕಂಪ್ಯೂಟರಿಗೆ ಹಾಕುತ್ತಿದ್ದೇನೆ. ಒಂದು ಕಡೆ 1.5 ಎಂದಿದೆ, ಇನ್ನೊಂದು ಕಡೆ 1.50, ಮತ್ತೊಂದು ಪುಟದಲ್ಲಿ 1.05. ಕೆಲವು ದಿನ ಅಂಕಿಯೇ ಇಲ್ಲ, ಬರೀ ಒಂದು ಚುಕ್ಕಿ. ಇದರ ನಡುವೆ ಮಗಳು ಸಂಗೀತದ ಪುಸ್ತಕ ತಂದು, ಕೊನೆಯ ‘ಸ’ ಮೇಲೆ ಯಾಕೆ ಚುಕ್ಕಿ ಅಂತ ಕೇಳಿದಳು. ಮಗನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಮೈಲುತುತ್ತದ ಸೂತ್ರದ ನಡುವೆಯೂ ಒಂದು ಚುಕ್ಕಿ. ಒಂದೇ ಚುಕ್ಕಿಗೆ ಇಷ್ಟೊಂದು ಅರ್ಥ ಹೇಗೆ? ಎಲ್ಲದಕ್ಕೂ ಹೊಂದುವ ನಿಯಮ ಏನಾದರೂ ಇದೆಯಾ? ಮಳೆ ಪುಸ್ತಕದ ಒಂದೆರಡು ಪುಟದ ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಮೂವತ್ತು ವರ್ಷ ಗಣಿತ ಪಾಠ ಮಾಡಿದವಳು ನಾನು. ಮಕ್ಕಳು ಕಳೆದುಕೊಂಡ ಅಂಕಗಳಲ್ಲಿ ಎಷ್ಟೋ ಪಾಲು ಹೋಗಿದ್ದು ಈ ಚುಕ್ಕಿಯಿಂದಲೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಯಮ ಇದೆ, ಒಂದೇ ಒಂದು. ಚುಕ್ಕಿಗೆ ತನ್ನದೇ ಅರ್ಥ ಅಂತ ಏನೂ ಇಲ್ಲ. ಅದು ಎಲ್ಲಿ ಕೂತಿದೆ, ಅಕ್ಕಪಕ್ಕ ಯಾರಿದ್ದಾರೆ ಅನ್ನುವುದೇ ಅದರ ಅರ್ಥ. ತಲೆ ಮೇಲೆ ಕೂತರೆ ಒಂದು, ಕಾಲ ಕೆಳಗೆ ಕೂತರೆ ಇನ್ನೊಂದು, ನಡುವೆ ಕೂತರೆ ಮತ್ತೊಂದು. ಇದನ್ನು ಕೈಯಲ್ಲಿ ಹಿಡಿದುಕೊಂಡು ಮೊದಲು ಮಳೆ ಪುಸ್ತಕಕ್ಕೆ ಬರೋಣ.

ನಮ್ಮ ಕೊಡಗಿನ ತೋಟಗಳಲ್ಲಿ ಮಳೆ ಅಳೆಯುವುದು ಇವತ್ತಿಗೂ ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ. ಒಂದು ಇಂಚಿಗೆ ನೂರು ಸೆಂಟ್ಸ್. ‘ನಿಮ್ಮಲ್ಲಿ ಎಷ್ಟು ಬಂತು?’ ಅಂದರೆ ‘ಎಂಬತ್ತು ಸೆಂಟ್ಸ್’ ಅಂತಾರೆ. ಮಿಲಿಮೀಟರ್ ಅಂತ ಹೇಳುವವರು ಕಡಿಮೆ. ಅಜ್ಜ 2.15 ಎಂದು ಬರೆದರೆ ಎರಡು ಇಂಚು ಹದಿನೈದು ಸೆಂಟ್ಸ್. ಇಲ್ಲಿಯವರೆಗೆ ತೊಂದರೆ ಇಲ್ಲ. ತೊಂದರೆ ಬರುವುದು ಒಂದು ಇಂಚು ಐದು ಸೆಂಟ್ಸ್ ಬಂದ ದಿನ. ಶಾಲೆಯ ದಶಮಾಂಶ ಕಲಿತವರು ಅದನ್ನು 1.05 ಎಂದು ಬರೆಯುತ್ತಾರೆ. ಬಾಯಲ್ಲಿ ಹೇಳಿದ ಹಾಗೆ ಬರೆಯುವವರು ‘ಒಂದು ಇಂಚು, ಐದು ಸೆಂಟ್ಸ್’ ಅಂತ ಅಂದುಕೊಂಡು 1, ಒಂದು ಚುಕ್ಕಿ, 5 ಎಂದು ಬರೆದುಬಿಡುತ್ತಾರೆ. ಅವರ ಮಟ್ಟಿಗೆ ಆ ಚುಕ್ಕಿ ದಶಮಾಂಶ ಅಲ್ಲ. ಇಂಚಿನ ಗದ್ದೆಗೂ ಸೆಂಟ್ಸಿನ ಗದ್ದೆಗೂ ನಡುವಿನ ಬದು.

ನಿಮ್ಮ ಮೊದಲ ಫೋಟೋ ನೋಡಿದೆ. ಜೂನ್ ಮೊದಲ ವಾರ. ನಾಲ್ಕು ದಿನದ ಅಂಕಿ ಇದೆ: 1.5, 0.80, 2.15, 0.40. ಉಳಿದ ಮೂರು ದಿನ ಒಂದು ಅಡ್ಡಗೆರೆ. ಕೆಳಗೆ ಕೆಂಪು ಶಾಯಿಯಲ್ಲಿ ವಾರದ ಒಟ್ಟು 4.40. ಈಗ ಕೂಡಿಸಿ ನೋಡಿ. 1.5 ಅನ್ನು ಒಂದೂವರೆ ಇಂಚು ಅಂದುಕೊಂಡರೆ ಒಟ್ಟು 4.85 ಆಗುತ್ತದೆ. ಒಂದು ಇಂಚು ಐದು ಸೆಂಟ್ಸ್ ಅಂದುಕೊಂಡರೆ ಸರಿಯಾಗಿ 4.40. ಅಲ್ಲಿಗೆ ಉತ್ತರ ಸಿಕ್ಕಿತು. ನಿಮ್ಮ ಅಜ್ಜನ ಕೈಯಲ್ಲಿ 1.5 ಅಂದರೆ ಒಂದು ಇಂಚು ಐದು ಸೆಂಟ್ಸ್, 1.50 ಅಂದರೆ ಒಂದೂವರೆ ಇಂಚು. ಎರಡೂ ಬೇರೆ ಬೇರೆ.

ಹಾಗಾದರೆ 1.05 ಎಲ್ಲಿಂದ ಬಂತು? ಎರಡನೇ ಫೋಟೋ ಸ್ವಲ್ಪ ದೊಡ್ಡದು ಮಾಡಿ ನೋಡಿ. ಅಲ್ಲಿನ 2ರ ಬಾಲ ಬೇರೆ ಥರ ಇದೆ, 7ಕ್ಕೆ ನಡುವೆ ಗೆರೆ ಇದೆ. ಆ ಪುಟ ಬರೆದದ್ದು ಬೇರೆ ಯಾರೋ. ಮನೆಯಲ್ಲಿ ಓದುತ್ತಿದ್ದ ಹುಡುಗರು ಬರೆದಿರಬಹುದು, ತೋಟದ ಲೆಕ್ಕ ಬರೆಯುವ ರೈಟರ್ ಬರೆದಿರಬಹುದು. ಅವರಿಗೆ ಆ ಚುಕ್ಕಿ ದಶಮಾಂಶ. ಆದ್ದರಿಂದ ಪುಸ್ತಕಕ್ಕೆಲ್ಲ ಒಂದೇ ನಿಯಮ ಹಾಕಬೇಡಿ. ಕೈಬರಹ ಬದಲಾದ ಕಡೆ ಮತ್ತೆ ಒಟ್ಟು ಕೂಡಿಸಿ ಪರೀಕ್ಷೆ ಮಾಡಿ. ವಾರದ ಒಟ್ಟು ಇಲ್ಲದ ಪುಟದಲ್ಲಿ ತಿಂಗಳ ಒಟ್ಟು ನೋಡಿ.

ನಲವತ್ತೈದು ಸೆಂಟ್ಸ್ ಹೆಚ್ಚು ಕಡಿಮೆ ಆದರೆ ಏನಂತೆ ಅನ್ನಿಸಬಹುದು. ಜೂನಿನಲ್ಲಿ ಏನೂ ಇಲ್ಲ. ಮಿಲಿಮೀಟರಿನಲ್ಲಿ ಹನ್ನೊಂದು ಚಿಲ್ಲರೆ, ಮಳೆಗಾಲದಲ್ಲಿ ಅದು ಒಂದು ಗಂಟೆಯ ಮಾತು. ಆದರೆ ಅದೇ ತಪ್ಪು ಮಾರ್ಚಿನ ಪುಟದಲ್ಲಾದರೆ? ರೋಬಸ್ಟಾ ಕಾಫಿಯ ಹೂವಿಗೆ ಸುಮಾರು ಒಂದು ಇಂಚು ಮಳೆ ಬೇಕು ಅಂತ ನಾವೆಲ್ಲ ಕಾಯುತ್ತೇವೆ. 0.9 ಎಂದಿದ್ದರೆ ಅದು ತೊಂಬತ್ತು ಸೆಂಟ್ಸ್ ಬಂದ ಒಳ್ಳೆಯ ಹೂಮಳೆಯೋ, ಒಂಬತ್ತೇ ಸೆಂಟ್ಸ್ ಬಂದು ಧೂಳು ಒದ್ದೆ ಮಾಡಿ ಹೋದ ಮಳೆಯೋ? ಸ್ಪ್ರಿಂಕ್ಲರ್ ಹಾಕಬೇಕಿತ್ತೋ ಬೇಡವೋ ಅನ್ನುವ ತೀರ್ಮಾನವೇ ಬೇರೆಯಾಗುತ್ತದೆ. ಐವತ್ತು ವರ್ಷದ ಹೂಮಳೆ ಲೆಕ್ಕ ಬೇಕು ಅಂತ ನಾಳೆ ಯಾರಾದರೂ ನಿಮ್ಮ ಹತ್ತಿರ ಬಂದರೆ, ಅವರ ಲೆಕ್ಕವೆಲ್ಲ ಈ ಚುಕ್ಕಿಯ ಮೇಲೆ ನಿಲ್ಲುತ್ತದೆ.

ಅಜ್ಜನನ್ನು ತಪ್ಪು ಹೇಳುವ ಹಾಗೂ ಇಲ್ಲ. ಅವರು ಬೆಳೆದ ಕಾಲ ನೆನಪಿಸಿಕೊಳ್ಳಿ. 1957ರ ಏಪ್ರಿಲ್ 1ರವರೆಗೆ ನಮ್ಮ ದುಡ್ಡಿನ ಲೆಕ್ಕವೇ ಹತ್ತರ ಲೆಕ್ಕ ಆಗಿರಲಿಲ್ಲ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಐದು ರೂಪಾಯಿ ಎಂಟಾಣೆಯನ್ನು 5-8-0 ಎಂದು ಬರೆಯುತ್ತಿದ್ದರು. ಅದರ ಅರ್ಥ ಐದೂವರೆ ರೂಪಾಯಿ. ಅಲ್ಲಿ 8ರ ಹಿಂದೆ ಸೊನ್ನೆ ಹಾಕುವ ಪ್ರಶ್ನೆಯೇ ಇಲ್ಲ. ನೂರು ನಯಾ ಪೈಸೆ ಬಂದ ಮೇಲೆ ಅಲ್ವಾ ಅಂಗಡಿ ಚೀಟಿಗಳಲ್ಲಿ ಚುಕ್ಕಿ ಓಡಾಡತೊಡಗಿದ್ದು. ಹಳೆಯ ಕೈಗೆ ಹೊಸ ಚುಕ್ಕಿ ಬಂದಾಗ, ಅದನ್ನು ಆ ಗೆರೆಯ ಜಾಗದಲ್ಲಿ ಇಟ್ಟುಕೊಂಡರು. ಬದುವಿನ ಹಾಗೆ.

ಈ ಬದುವಿನ ಚುಕ್ಕಿ ನಮ್ಮ ಸುತ್ತ ಇನ್ನೂ ಬೇಕಾದಷ್ಟಿದೆ. ನಾವು ಗಮನಿಸುವುದಿಲ್ಲ ಅಷ್ಟೇ. 5.30ರ ಬಸ್ ಅಂದರೆ ಐದೂವರೆ. ಅಲ್ಲಿ ಚುಕ್ಕಿಯ ಆಚೆ ಅರವತ್ತರ ಲೆಕ್ಕ. ಕ್ರಿಕೆಟ್‌ನಲ್ಲಿ 19.5 ಓವರ್ ಆದ ಮೇಲೆ ಬರುವುದು 20. ಅಲ್ಲಿ ಆರರ ಲೆಕ್ಕ, ಸ್ಕೋರಿನಲ್ಲಿ 19.6 ಓವರ್ ಅಂತ ಬರೆಯುವುದಿಲ್ಲ. 10.3 ಓವರಿನಲ್ಲಿ ಇಷ್ಟು ರನ್ ಅಂದಾಗ ರನ್‌ರೇಟ್ ತೆಗೆಯಲು 10.3ರಿಂದ ಭಾಗಿಸಿದರೆ ತಪ್ಪು. ಮೂರು ಬಾಲ್ ಅಂದರೆ ಅರ್ಧ ಓವರ್, 10.5ರಿಂದ ಭಾಗಿಸಬೇಕು. ನನ್ನ ತರಗತಿಯಲ್ಲಿ ದಶಮಾಂಶ ಪಾಠ ಶುರು ಮಾಡುತ್ತಿದ್ದುದೇ ಇಲ್ಲಿಂದ. ಹುಡುಗರು ತಕ್ಷಣ ಕಿವಿ ನೆಟ್ಟಗೆ ಮಾಡುತ್ತಿದ್ದರು.

ಜಮೀನಿನ ವಿಷಯ ಬಂದಾಗ ಇನ್ನೂ ಹುಷಾರಾಗಿರಬೇಕು. ನಮ್ಮ ಕಡೆ ಎಕರೆ ಮತ್ತು ಸೆಂಟ್. ಎಕರೆಗೆ ನೂರು ಸೆಂಟ್. 2.20 ಅಂದರೆ ಎರಡು ಎಕರೆ ಇಪ್ಪತ್ತು ಸೆಂಟ್, ಎರಡೂ ಕಾಲಿಗಿಂತ ಸ್ವಲ್ಪ ಕಡಿಮೆ. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋದರೆ ಎಕರೆ ಮತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆ. ಅಲ್ಲಿ ಅದೇ 2.20 ಅಂದರೆ ಎರಡೂವರೆ ಎಕರೆ. ಅಂಕಿ ಅದೇ, ಚುಕ್ಕಿ ಅದೇ, ಮೂವತ್ತು ಸೆಂಟ್ ಜಾಗದ ವ್ಯತ್ಯಾಸ. ನಮ್ಮ ಸಂಬಂಧಿಕರೊಬ್ಬರು ಆ ಕಡೆ ಜಾಗ ನೋಡಲು ಹೋದಾಗ ಫೋನಿನಲ್ಲಿ ‘ಟೂ ಪಾಯಿಂಟ್ ಟ್ವೆಂಟಿ’ ಅಂತ ಕೇಳಿಸಿಕೊಂಡು, ಎರಡು ದಿನ ಬೇರೆಯದೇ ಲೆಕ್ಕ ಹಾಕಿಕೊಂಡು ಕೂತಿದ್ದರು. ಪತ್ರ ಕೈಗೆ ಬಂದ ಮೇಲೆ ಗೊತ್ತಾಯಿತು.

ಕಾಫಿ ಹೊರದೇಶಕ್ಕೆ ಕಳಿಸುವವರಿಗೆ ಇನ್ನೊಂದು ಚುಕ್ಕಿ ಕಾದಿರುತ್ತದೆ. ಇಟಲಿ, ಜರ್ಮನಿಯವರು ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಸಾವಿರಕ್ಕೆ ಚುಕ್ಕಿ. ಅವರ ಕಾಗದದಲ್ಲಿ 1.250 ಕೆ.ಜಿ. ಎಂದಿದ್ದರೆ ಸಾವಿರದ ಇನ್ನೂರೈವತ್ತು ಕೆ.ಜಿ. ನಮಗದು ಒಂದೂಕಾಲು ಕೆ.ಜಿ.

ಗಣಿತದ ಒಳಗೂ ಚುಕ್ಕಿ ಒಂದೇ ಕಡೆ ನಿಂತಿಲ್ಲ. 1698ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ತನ್ನ ಗೆಳೆಯ ಬರ್ನೂಲಿಗೆ ಒಂದು ಕಾಗದ ಬರೆದ. ಗುಣಾಕಾರದ ಓರೆ ಕತ್ತರಿ ಗುರುತು ನನಗೆ ಇಷ್ಟವಿಲ್ಲ, ಅದು ಎಕ್ಸ್ ಅಕ್ಷರದ ಜೊತೆ ಗೊಂದಲ ಮಾಡುತ್ತದೆ, ಅದರ ಬದಲು ಚುಕ್ಕಿ ಇಡುತ್ತೇನೆ ಅನ್ನುವುದು ಅದರ ಸಾರ. ಬೀಜಗಣಿತದಲ್ಲಿ ಎರಡು ಅಕ್ಷರದ ನಡುವೆ ನಾವು ಇಡುವ ಚುಕ್ಕಿಗೆ ಅದೇ ಕಾರಣ. ಅದೇ ಕಾಲದ ನ್ಯೂಟನ್ ಚುಕ್ಕಿಯನ್ನು ಅಕ್ಷರದ ತಲೆ ಮೇಲೆ ಇಟ್ಟ. ದೂರವನ್ನು ಸೂಚಿಸುವ ಅಕ್ಷರದ ಮೇಲೆ ಒಂದು ಚುಕ್ಕಿ ಇಟ್ಟರೆ ವೇಗ, ಎರಡು ಇಟ್ಟರೆ ಆ ವೇಗ ಬದಲಾಗುವ ದರ. ಭೌತಶಾಸ್ತ್ರದವರು ಇವತ್ತಿಗೂ ಹಾಗೇ ಬರೆಯುತ್ತಾರೆ. ಒಂದನ್ನು ಮೂರರಿಂದ ಭಾಗಿಸಿದಾಗ 0.3333 ಅಂತ ಮುಗಿಯದೆ ಹೋಗುತ್ತದಲ್ಲ, ಹಳೆಯ ಪುಸ್ತಕಗಳಲ್ಲಿ ಒಂದೇ 3 ಬರೆದು ಅದರ ತಲೆ ಮೇಲೆ ಚುಕ್ಕಿ ಇಡುತ್ತಿದ್ದರು. ‘ಇದು ಹೀಗೇ ಮುಂದುವರಿಯುತ್ತದೆ’ ಎಂದು. ಮೂರು ಚುಕ್ಕಿ ತ್ರಿಕೋನದಲ್ಲಿ ಕೂತರೆ ‘ಆದ್ದರಿಂದ’, ತಲೆಕೆಳಗಾದರೆ ‘ಏಕೆಂದರೆ’. ಬ್ರಿಟನ್ನಿನ ಹಳೆಯ ಪುಸ್ತಕಗಳಲ್ಲಿ ದಶಮಾಂಶದ ಚುಕ್ಕಿ ಸಾಲಿನ ಕೆಳಗಲ್ಲ, ಅಂಕಿಯ ನಡು ಎತ್ತರದಲ್ಲಿ ಇರುತ್ತಿತ್ತು. ಅಂಥ ಪುಸ್ತಕದಲ್ಲಿ ಕಲಿತವರ ಕೈಬರಹದಲ್ಲೂ ಅದು ಮೇಲೆ ಕೂತಿರುತ್ತದೆ. ನಿಮ್ಮ ಪುಸ್ತಕದಲ್ಲಿ ಅಂಥದ್ದು ಕಂಡರೆ ಗುಣಾಕಾರ ಅಂದುಕೊಳ್ಳಬೇಡಿ.

ಈಗ ನಿಮ್ಮ ಮಗನ ಮೈಲುತುತ್ತ. ಕರಿಮೆಣಸಿಗೆ, ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಮನೆಯ ಹುಡುಗ ಅವನು, ಅವನಿಗೆ ಇದನ್ನು ತೋರಿಸಿಯೇ ಹೇಳಿಕೊಡಬಹುದು. ಸೂತ್ರದಲ್ಲಿ ಮೊದಲು ಕಾಪರ್ ಸಲ್ಫೇಟ್, ನಡುವೆ ಚುಕ್ಕಿ, ಆಮೇಲೆ ಐದು ನೀರು. ಈ ಚುಕ್ಕಿ ಗುಣಾಕಾರ ಅಲ್ಲ, ದಶಮಾಂಶವೂ ಅಲ್ಲ. ಉಪ್ಪಿನ ಪ್ರತಿ ಒಂದು ಪಾಲಿಗೆ ಐದು ನೀರಿನ ಅಣುಗಳು ಹರಳಿನೊಳಗೆ ಜೊತೆಯಾಗಿ ಕೂತಿವೆ ಅಂತ ಅದರ ಅರ್ಥ. ನೀಲಿ ಹರಳು ಕೈಗೆ ಒಣಗಿಯೇ ಇರುತ್ತದೆ. ಆದರೆ ಒಂದು ಕೆ.ಜಿ. ಮೈಲುತುತ್ತದಲ್ಲಿ ಸುಮಾರು 360 ಗ್ರಾಂ ನೀರೇ. ಪ್ರಯೋಗಾಲಯದಲ್ಲಿ ಟೀಚರ್ ಮುಂದೆ ಪ್ರನಾಳದಲ್ಲಿ ಹಾಕಿ ಕಾಯಿಸಲಿ. ಗಾಜಿನ ಮೇಲ್ಭಾಗದಲ್ಲಿ ನೀರ ಹನಿ ಕಟ್ಟುತ್ತದೆ. ನೀಲಿ ಹೋಗಿ ಬೂದುಬಿಳಿ ಪುಡಿ ಉಳಿಯುತ್ತದೆ. ಆರಿದ ಮೇಲೆ ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ಚುಕ್ಕಿಯ ಆಚೆ ಇದ್ದದ್ದು ಹೋಗಿ ವಾಪಸ್ ಬಂತು! ಅದನ್ನು ಕಣ್ಣಾರೆ ನೋಡಿದ ಮಗು ಆ ಚುಕ್ಕಿಯನ್ನು ಜೀವಮಾನದಲ್ಲಿ ಮರೆಯುವುದಿಲ್ಲ. ಅದೇ ಪುಸ್ತಕದಲ್ಲಿ ಮುಂದೆ ಅಕ್ಷರಗಳ ಸುತ್ತ ಜೋಡಿ ಜೋಡಿ ಚುಕ್ಕಿ ಬರುತ್ತವೆ. ಅವು ಎಲೆಕ್ಟ್ರಾನ್‌ಗಳು. 1916ರಲ್ಲಿ ಲೂಯಿಸ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಶುರು ಮಾಡಿದ ಪದ್ಧತಿ ಅದು.

ಮಗಳ ಪ್ರಶ್ನೆ ಇನ್ನೂ ಚೆಂದ. ಸರಳೆ ವರಸೆಯ ಮೊದಲ ಸಾಲು ಸ ರಿ ಗ ಮ ಪ ದ ನಿ ಸ. ಮೊದಲ ಸಕ್ಕೆ ಚುಕ್ಕಿ ಇಲ್ಲ, ಕೊನೆಯ ಸಕ್ಕೆ ತಲೆ ಮೇಲೆ ಚುಕ್ಕಿ. ಹೆಸರು ಒಂದೇ, ಎತ್ತರ ಬೇರೆ. ಚುಕ್ಕಿ ಇಲ್ಲದ್ದು ಮಧ್ಯ ಸ್ಥಾಯಿ, ಮೇಲೆ ಇದ್ದರೆ ತಾರ ಸ್ಥಾಯಿ, ಕೆಳಗೆ ಇದ್ದರೆ ಮಂದ್ರ. ಮನೆಯಲ್ಲಿ ವೀಣೆ ಇದ್ದರೆ ತೋರಿಸುವುದು ಸುಲಭ. ಇಲ್ಲದಿದ್ದರೆ ಬಿಡಿ, ಅವಳೇ ಹಾಡಿ ನೋಡಲಿ. ಮೊದಲ ಸ ಹಿಡಿದು ನಿಲ್ಲಲಿ, ಕೊನೆಯ ಸಕ್ಕೆ ಹಾರಲಿ. ಎರಡೂ ಒಂದೇ ಅನ್ನಿಸುತ್ತದೆ, ಒಂದೇ ಅಲ್ಲವೂ ಅನ್ನಿಸುತ್ತದೆ. ಯಾಕೆ ಗೊತ್ತಾ? ಮೇಲಿನ ಸದ ಕಂಪನ ಕೆಳಗಿನ ಸದ ಸರಿಯಾಗಿ ಎರಡು ಪಟ್ಟು. ಅವಳ ಶ್ರುತಿಯಲ್ಲಿ ಸ ಸೆಕೆಂಡಿಗೆ 240 ಕಂಪನ ಅಂದುಕೊಳ್ಳಿ. ಮೇಲೆ ಚುಕ್ಕಿ ಇಟ್ಟರೆ 480, ಕೆಳಗೆ ಇಟ್ಟರೆ 120. ಒಂದು ಚುಕ್ಕಿ ಎರಡರಿಂದ ಗುಣಿಸುತ್ತದೆ, ಇಲ್ಲವೇ ಎರಡರಿಂದ ಭಾಗಿಸುತ್ತದೆ. ಎರಡು ಚುಕ್ಕಿ ಇಟ್ಟರೆ ಅತಿತಾರ, ಇಲ್ಲವೇ ಅನುಮಂದ್ರ. ಹಿಂದೂಸ್ತಾನಿಯಲ್ಲಿ ಸ್ವರ ಬರೆಯುವ ಭಾತಖಂಡೆ ಪದ್ಧತಿಯಲ್ಲೂ ಮೇಲಿನ, ಕೆಳಗಿನ ಚುಕ್ಕಿಗೆ ಇದೇ ಅರ್ಥ.

ಚರ್ಚಿನ ಹಾಡಿನ ಪುಸ್ತಕ ತೆರೆದರೆ ಅಲ್ಲಿ ಕತೆಯೇ ಬೇರೆ. ಪಾಶ್ಚಾತ್ಯ ಸಂಗೀತದಲ್ಲಿ ಎತ್ತರವನ್ನು ಗೆರೆಗಳೇ ಹೇಳುತ್ತವೆ. ಚುಕ್ಕಿ ಹೇಳುವುದು ಕಾಲವನ್ನು. ಸ್ವರದ ಬಲಕ್ಕೆ ಚುಕ್ಕಿ ಇದ್ದರೆ ಅದರ ಅರ್ಧದಷ್ಟು ಜಾಸ್ತಿ ಎಳೆಯಬೇಕು. ಒಂದು ಎಣಿಕೆಯದ್ದು ಒಂದೂವರೆ ಆಗುತ್ತದೆ, ಎರಡನೇ ಚುಕ್ಕಿ ಇದ್ದರೆ ಒಂದೂಮುಕ್ಕಾಲು. ಅದೇ ಚುಕ್ಕಿ ಸ್ವರದ ಮೇಲೋ ಕೆಳಗೋ ಬಂದರೆ ಎಳೆಯಬೇಡ, ಚುಟುಕಾಗಿ ಬಿಟ್ಟುಬಿಡು ಅಂತ. ಪಕ್ಕಕ್ಕೆ ಬಂದರೆ ಉದ್ದ, ಮೇಲೆ ಹೋದರೆ ಗಿಡ್ಡ. ಒಂದು ಕೂದಲೆಳೆ ಜಾಗ ಸರಿದರೆ ಅರ್ಥ ತಿರುಗಿಬಿಡುತ್ತದೆ.

ಅಕ್ಷರಗಳ ವಿಷಯಕ್ಕೆ ಬಂದರೆ, ಕನ್ನಡಿಗರಾದ ನಮಗೆ ಚುಕ್ಕಿಯ ಕಷ್ಟ ಕಡಿಮೆ. ಹಿಂದಿಯವರು ತಲೆ ಮೇಲೆ ಇಡುವ ಚುಕ್ಕಿಯನ್ನು ನಾವು ಪಕ್ಕದಲ್ಲಿ ದುಂಡಗೆ ಸೊನ್ನೆ ಮಾಡಿ ಬರೆಯುತ್ತೇವೆ, ಕಳೆದುಹೋಗುವುದಿಲ್ಲ. ತಮಿಳಿನಲ್ಲಿ ವ್ಯಂಜನದ ತಲೆ ಮೇಲೆ ಪುಳ್ಳಿ ಇಟ್ಟರೆ ಒಳಗಿನ ಅಕಾರ ಹೋಗುತ್ತದೆ, ‘ಕ’ ಇದ್ದದ್ದು ‘ಕ್’ ಆಗುತ್ತದೆ. ಹಳೆಯ ಓಲೆಗರಿಗಳಲ್ಲಿ ಬಹಳ ಸಲ ಆ ಪುಳ್ಳಿ ಬಿಟ್ಟೇ ಬರೆಯುತ್ತಿದ್ದರು, ಓದುವವರೇ ಊಹಿಸಿಕೊಳ್ಳಬೇಕು. ಉರ್ದುವಿನಲ್ಲಿ ದೋಣಿಯಂಥ ಒಂದೇ ಆಕಾರ. ಕೆಳಗೆ ಒಂದು ಚುಕ್ಕಿ ಇದ್ದರೆ ಬ, ಮೇಲೆ ಎರಡು ಇದ್ದರೆ ತ. ನಮ್ಮ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ವಿದ್ವಾಂಸರು ಬರೆಯುವಾಗ ‘ಡಿ’ ಅಕ್ಷರದ ಕೆಳಗೆ ಒಂದು ಚುಕ್ಕಿ ಇಡುತ್ತಾರೆ. ಆಗ ಅದು ನಮ್ಮ ಡ. ಚುಕ್ಕಿ ಬಿಟ್ಟರೆ ದ, ಮಡಿಕೇರಿ ಹೋಗಿ ಮದಿಕೇರಿ ಆಗುತ್ತದೆ.

ಕೊಡವ ತಕ್ಕ್‌ಗೂ, ಅಂದರೆ ಕೊಡವ ಭಾಷೆಗೂ, ಒಂದು ಚುಕ್ಕಿಯ ಸಂಬಂಧ ಇದೆ. ಕನ್ನಡದಲ್ಲಿ ಇಲ್ಲದ ಎರಡು ಸ್ವರ ಕೊಡವ ತಕ್ಕ್‌ನಲ್ಲಿವೆ, ನಾಲಿಗೆ ಬಾಯಿಯ ನಡುವಿನಲ್ಲಿ ಇಟ್ಟು ಹೇಳುವಂಥವು. ಅವಕ್ಕೆ ದೀರ್ಘವೂ ಉಂಟು. ಕನ್ನಡ ಲಿಪಿಯಲ್ಲಿ ಬರೆದಾಗ ಅವಕ್ಕೆ ಸರಿಯಾದ ಜಾಗ ಸಿಗುವುದಿಲ್ಲ. ಎಮಿನೋ ಎಂಬ ಭಾಷಾಶಾಸ್ತ್ರಜ್ಞರು 1930ರ ದಶಕದಲ್ಲಿ ಭಾರತಕ್ಕೆ ಬಂದು ಈ ಭಾಷೆಯನ್ನೂ ಅಭ್ಯಾಸ ಮಾಡಿದರು. ಅವರು ಇಂಗ್ಲಿಷಿನ ಐ ಮತ್ತು ಇ ಅಕ್ಷರಗಳ ತಲೆ ಮೇಲೆ ಎರಡೆರಡು ಚುಕ್ಕಿ ಇಟ್ಟು ಆ ಸ್ವರಗಳನ್ನು ತೋರಿಸಿದರು. ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟಿನಲ್ಲಿ ಕೊಡವ ಪದಗಳು ಹಾಗೇ ಕೂತಿವೆ. ಮಕ್ಕಳಿಗೆ ಕೊಡವ ತಕ್ಕ್ ಬರೆಯಲು ಕಲಿಸುವವರು ಇದನ್ನೊಮ್ಮೆ ನೋಡಬೇಕು ಅಂತ ನನಗೆ ಬಹಳ ಆಸೆ. ಬಾಯಲ್ಲಿ ಬದುಕಿರುವ ಸ್ವರಕ್ಕೆ ಕಾಗದದಲ್ಲಿ ಒಂದು ಗುರುತು ಇಲ್ಲದಿದ್ದರೆ, ಓದಿ ಕಲಿಯುವ ಮಗುವಿಗೆ ಅದು ಕೇಳಿಸುವುದೇ ಇಲ್ಲ.

ಹೆಸರಿನ ಚುಕ್ಕಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ. ಇಬ್ಬರ ಆ ‘ಕೆ’ ಪಕ್ಕದ ಚುಕ್ಕಿಯ ಹಿಂದೆ ಇರುವುದು ಒಂದೇ ಹೆಸರು, ಕೊಡಂದೇರ. ಒಂದೇ ಒಕ್ಕ, ಅಂದರೆ ಒಂದೇ ಮನೆತನ. ಹೊರಗಿನವರಿಗೆ ಅದು ಸುಮ್ನೆ ಇನಿಷಿಯಲ್. ನಮ್ಮಲ್ಲಿ ಯಾರಾದರೂ ಪರಿಚಯವಾದ ಕೂಡಲೇ ಕೇಳುವುದೇ ಆ ಚುಕ್ಕಿಯ ಹಿಂದಿನ ಮನೆತನದ ಹೆಸರನ್ನು ಅಲ್ವಾ?

ಕಂಪ್ಯೂಟರಿನ ಚುಕ್ಕಿ ಬಗ್ಗೆ ಒಂದೆರಡು ಮಾತು ಸಾಕು. ವೆಬ್ ವಿಳಾಸದಲ್ಲಿ ಅದು ಮನೆ, ಊರು, ದೇಶ ಅಂತ ಬೇರ್ಪಡಿಸುವ ಗುರುತು. ಆ್ಯಪ್‌ಗಳ ಆವೃತ್ತಿಯಲ್ಲಿ 1.9 ಆದ ಮೇಲೆ 1.10 ಬರುತ್ತದೆ. ಶಾಲೆಯ ಲೆಕ್ಕದಲ್ಲಿ 1.10 ಚಿಕ್ಕದು, ಇಲ್ಲಿ ಅದೇ ಹೊಸದು. ನಿಮ್ಮ ಅಜ್ಜ ಬರೆದದ್ದೂ ಇದೇ ಥರ, ನೋಡಿ. ಒಂಬತ್ತು ಸೆಂಟ್ಸ್ ಆದ ಮೇಲೆ ಹತ್ತು ಸೆಂಟ್ಸ್.

ಚುಕ್ಕಿ ಕೂತ ಜಾಗವೇ ಅದರ ಅರ್ಥ ಅನ್ನುವ ಮಾತಿಗೆ ಬ್ರೈಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೂರು ವರ್ಷಕ್ಕೆ ಕಣ್ಣಿಗೆ ಪೆಟ್ಟಾಗಿ ಆಮೇಲೆ ದೃಷ್ಟಿ ಕಳೆದುಕೊಂಡ ಲೂಯಿ ಬ್ರೈಲ್, ಹದಿನೈದನೇ ವಯಸ್ಸಿಗೆ, 1824ರಲ್ಲಿ, ಈ ಲಿಪಿಯ ರೂಪ ಕಂಡುಕೊಂಡ. ಆರು ಜಾಗ. ಎಡಕ್ಕೆ ಮೇಲಿನಿಂದ ಕೆಳಗೆ 1, 2, 3. ಬಲಕ್ಕೆ 4, 5, 6. ಪ್ರತಿ ಜಾಗದಲ್ಲೂ ಚುಕ್ಕಿ ಉಬ್ಬಿರಬಹುದು ಅಥವಾ ಇಲ್ಲದಿರಬಹುದು. ಖಾಲಿ ಬಿಟ್ಟದ್ದನ್ನು ಕಳೆದರೆ 63 ಆಕಾರ. ಅಷ್ಟರಲ್ಲೇ ಪ್ರಪಂಚದ ಎಷ್ಟೋ ಭಾಷೆಗಳನ್ನು ಬರೆಯುತ್ತಾರೆ. ಕನ್ನಡವೂ ಸೇರಿದ ಹಾಗೆ ನಮ್ಮ ದೇಶದ ಭಾಷೆಗಳಿಗೆ ಭಾರತಿ ಬ್ರೈಲ್ ಇದೆ. ಅದರಲ್ಲಿ 1ನೇ ಜಾಗದ ಒಂದೇ ಚುಕ್ಕಿ ಅಂದರೆ ಅ. 1 ಮತ್ತು 3 ಅಂದರೆ ಕ. ಅದಕ್ಕೆ ಬಲಗಡೆ ಮೇಲೆ 4 ಸೇರಿಸಿದರೆ ಮ. ಒಂದು ಚುಕ್ಕಿ ಸೇರಿ ‘ಕರ’ ಹೋಗಿ ‘ಮರ’ ಆಯಿತು. ನಾನು ಕಣ್ಣು ಮುಚ್ಚಿ ಬೆರಳಿಟ್ಟು ಓದಲು ಪ್ರಯತ್ನ ಮಾಡಿದ್ದೇನೆ. ಒಂದು ವಿಷಯ ಅಲ್ಲಿ ಗೊತ್ತಾಯಿತು. ಹಾಳೆಯಲ್ಲಿ ಒಂಟಿ ಚುಕ್ಕಿ ಸಿಕ್ಕಿದರೆ ಅದು 1ನೇ ಜಾಗದ್ದೋ 2ನೇ ಜಾಗದ್ದೋ ಬೆರಳಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಅಕ್ಷರ ಬೇಕು. ನೆರೆಹೊರೆ ಇಲ್ಲದೆ ಚುಕ್ಕಿಗೆ ಬೆಲೆ ಇಲ್ಲ. ಇನ್ನೊಂದು ಮಾತು. ಬ್ರೈಲ್ ಪುಸ್ತಕಗಳ ಮೇಲೆ ಭಾರ ಹೇರಬೇಡಿ. ಚುಕ್ಕಿ ಚಪ್ಪಟೆಯಾದರೆ ಅಕ್ಷರವೇ ಹೋದ ಹಾಗೆ.

ನಕ್ಷೆಗಳಲ್ಲೂ ಹಾಗೆ. ಸರ್ವೆ ಆಫ್ ಇಂಡಿಯಾ ನಕ್ಷೆಯಲ್ಲಿ ಬೆಟ್ಟಗಳ ನಡುವೆ ಒಂದು ಚುಕ್ಕಿ, ಪಕ್ಕದಲ್ಲಿ ಅಂಕಿ ಇದ್ದರೆ ಆ ಜಾಗದ ಎತ್ತರ. ಚುಕ್ಕಿಯ ಬದಲು ಪುಟ್ಟ ತ್ರಿಕೋನ ಇದ್ದರೆ, ಅದು ತ್ರಿಕೋನ ಸರ್ವೆಯಲ್ಲಿ ನಿಖರವಾಗಿ ಅಳೆದ ಜಾಗ. ಹವಾಮಾನದ ನಕ್ಷೆಯಂತೂ ನಮ್ಮವರಿಗೆ ಅಂತಲೇ ಮಾಡಿದ ಹಾಗಿದೆ. ಅಲ್ಲಿ ಚುಕ್ಕಿ ಅಂದರೆ ಮಳೆ! ಒಂದು ಚುಕ್ಕಿ ಅಂದರೆ ಬಿಟ್ಟು ಬಿಟ್ಟು ಬರುವ ಸಣ್ಣ ಮಳೆ. ಎರಡು ಅಕ್ಕಪಕ್ಕ ಕೂತರೆ ಬಿಡದೆ ಬರುವ ಸಣ್ಣ ಮಳೆ. ಮೂರು ತ್ರಿಕೋನದಲ್ಲಿ ಕೂತರೆ ಬಿಡದ ಸಾಧಾರಣ ಮಳೆ. ನಾಲ್ಕು ಚುಕ್ಕಿ ವಜ್ರದ ಆಕಾರದಲ್ಲಿ ಕೂತರೆ ಬಿಡದ ಜೋರು ಮಳೆ, ಜುಲೈ-ಆಗಸ್ಟಿನಲ್ಲಿ ಬರುವ ನಮ್ಮ ಕಕ್ಕಡ ತಿಂಗಳ ಮಳೆಯ ಹಾಗೆ. ತುಂತುರಿಗೆ ಅಲ್ಪವಿರಾಮ. ಪ್ರಪಂಚದಲ್ಲೆಲ್ಲ ಇದೇ ಗುರುತು.

ಚುಕ್ಕಿ ಇಷ್ಟು ಕೆಲಸ ಮಾಡುತ್ತದೆ, ಆದರೆ ಅದರಷ್ಟು ಬೇಗ ಕಳೆದುಹೋಗುವ ಗುರುತು ಇನ್ನೊಂದಿಲ್ಲ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹಲವು ವರ್ಷದ ಹಿಂದೆ ನನ್ನ ಅಮ್ಮನಿಗೆ ಅರ್ಧ ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟಿದ್ದರು. ಚೀಟಿಯಲ್ಲಿ ಮುಂದೆ ಸೊನ್ನೆ ಇಲ್ಲದೆ ಬರೀ .5 ಎಂದಿತ್ತು. ಮಡಿಚಿದ ಜಾಗದಲ್ಲಿ ಚುಕ್ಕಿ ಅಳಿಸಿತ್ತು. ಔಷಧಿ ಅಂಗಡಿಯಲ್ಲಿ 5 ಎಂದು ಓದಿದರು. ‘ಈ ಸಲ ಮಾತ್ರೆ ಬಣ್ಣ ಬೇರೆ ಇದೆಯಲ್ಲಾ’ ಎಂದು ಅಮ್ಮನೇ ಕೇಳಿದ್ದರಿಂದ ಉಳಿದುಕೊಂಡೆವು. ಅರ್ಧಕ್ಕೆ 0.5 ಎಂದೇ ಬರೆಯಬೇಕು, ಮುಂದಿನ ಸೊನ್ನೆ ಬಿಡಬಾರದು. ಐದಕ್ಕೆ 5 ಎಂದೇ ಬರೆಯಬೇಕು, 5.0 ಎಂದು ಬರೆದರೆ ಚುಕ್ಕಿ ಮಾಸಿ 50 ಆಗುತ್ತದೆ. ವೈದ್ಯಕೀಯದಲ್ಲಿ ಇದು ಒಪ್ಪಿತವಾದ ನಿಯಮ. ನಿಮ್ಮ ಮನೆಯ ಚೀಟಿಗಳಲ್ಲಿ ಹಾಗಿಲ್ಲದಿದ್ದರೆ ದಯವಿಟ್ಟು ವಾಪಸ್ ಹೋಗಿ ಕೇಳಿ, ಸಂಕೋಚ ಬೇಡ.

ಈಗ ನಿಮ್ಮ ಕೆಲಸಕ್ಕೆ ವಾಪಸ್ ಬರೋಣ. ಕಂಪ್ಯೂಟರಿನಲ್ಲಿ ಒಂದೇ ಕಾಲಂನಲ್ಲಿ ಹಾಕಬೇಡಿ. 1.50 ಎಂದು ಟೈಪ್ ಮಾಡಿದರೆ ಅದು ತಾನಾಗಿಯೇ ಕೊನೆಯ ಸೊನ್ನೆ ತೆಗೆದು 1.5 ಮಾಡುತ್ತದೆ. ಅಜ್ಜ ಬೇರೆ ಮಾಡಿ ಇಟ್ಟಿದ್ದ ಎರಡು ಮಳೆಗಳು ಅಲ್ಲಿಗೆ ಒಂದಾಗಿಬಿಡುತ್ತವೆ. ಇಂಚಿಗೆ ಒಂದು ಕಾಲಂ, ಸೆಂಟ್ಸಿಗೆ ಒಂದು ಕಾಲಂ ಮಾಡಿ. ಮೂರನೆಯದರಲ್ಲಿ ಸೆಂಟ್ಸನ್ನು ನೂರರಿಂದ ಭಾಗಿಸಿ ಇಂಚಿಗೆ ಕೂಡಿಸುವ ಸೂತ್ರ ಹಾಕಿ. ನಾಲ್ಕನೆಯದರಲ್ಲಿ ಅದನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್ ಸಿಗುತ್ತದೆ. ಪ್ರತಿ ಪುಟದ ಫೋಟೋ ತೆಗೆದು ತಿಂಗಳ ಹೆಸರಿನಲ್ಲಿ ಇಟ್ಟುಕೊಳ್ಳಿ. ಒಟ್ಟು ತಾಳೆಯಾಗದ ಪುಟಕ್ಕೆ ಬಣ್ಣ ಹಾಕಿ ಮುಂದೆ ಹೋಗಿ, ಅಲ್ಲೇ ನಿಲ್ಲಬೇಡಿ.

ಕೊನೆಗೆ, ಅಂಕಿ ಇಲ್ಲದ ಆ ಬರೀ ಚುಕ್ಕಿ. ನೀವು ಕಳಿಸಿದ ಪುಟದಲ್ಲಿ ಮಳೆ ಬಾರದ ದಿನ ಅಜ್ಜ ಅಡ್ಡಗೆರೆ ಎಳೆದಿದ್ದಾರೆ. ಹಾಗಾದರೆ ಚುಕ್ಕಿ ಅಂದರೆ ‘ಇಲ್ಲ’ ಅಲ್ಲ. ಅಳತೆ ಗ್ಲಾಸಿನಲ್ಲಿ ಒಂದು ಸೆಂಟ್‌ಗಿಂತ ಕಡಿಮೆ ನೀರನ್ನು ಓದಲು ಬರುವುದಿಲ್ಲ. ಹವಾಮಾನ ಕೇಂದ್ರದವರು ಅಂಥ ಮಳೆಯನ್ನು ‘ಟ್ರೇಸ್’ ಎಂದು ಬರೆಯುತ್ತಾರೆ. ನಿಮ್ಮ ಅಜ್ಜ ಬೆಳಿಗ್ಗೆ ಮಾಪಕದ ಹತ್ತಿರ ಹೋಗಿದ್ದಾರೆ, ಮುಚ್ಚಳ ತೆಗೆದು ಬಾಟಲಿ ಗ್ಲಾಸಿಗೆ ಬಗ್ಗಿಸಿದ್ದಾರೆ, ಗೆರೆ ಮುಟ್ಟದಷ್ಟು ನೀರು ನೋಡಿ ಒಳಗೆ ಬಂದು ಆ ಚುಕ್ಕಿ ಇಟ್ಟಿದ್ದಾರೆ. ಆ ದಿನಗಳಿಗೆ ಇಂಚು, ಸೆಂಟ್ಸ್ ಎರಡರಲ್ಲೂ ಸೊನ್ನೆ ಹಾಕಿ, ಆದರೆ ಐದನೇ ಕಾಲಂ ಒಂದು ಮಾಡಿ ಅಲ್ಲಿ ‘ಹನಿ’ ಎಂದು ಬರೆಯಿರಿ. ಮಾರ್ಚ್, ಏಪ್ರಿಲ್ ಪುಟಗಳಲ್ಲಿ ಅದನ್ನು ಮಾತ್ರ ತಪ್ಪಿಸಬೇಡಿ.